ಉಪ್ಪಿನ ಸಾಬೂನು

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಸಾಬೂನಿನ ಮೇಲೂ ಒಂದು ಭಾಷಣವೇ ಎಂದು ಕೆಲವರು ನಕ್ಕದ್ದುಂಟು. ನಗಲಿ. ಹಿಂದಿನ ಕೂಟದಲ್ಲಿ ನಾವು ನಾಲ್ವರು ಹಂಚಿದ ಬಿಲ್ಲೆಗಳನ್ನು ಒಯ್ದ ತಾಯಂದಿರು, "ನಾವೂ ಮನೆಯಲ್ಲಿ ಮಾಡುತ್ತೇವೆ, ಅಳತೆ ಬರೆದುಕೊಡಿ" ಎಂದು ಕೇಳಿದರು. ಬರಿಯ ಅಳತೆ ಬರೆದುಕೊಟ್ಟು ಸುಮ್ಮನಿರುವುದು ತಪ್ಪಾದೀತು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಸಮುದ್ರದ ನೀರಿನಲ್ಲಿ ಮೈ ತೊಳೆಯಹೋದವರಿಗೆ ಗೊತ್ತು, ಅಲ್ಲಿ ಸಾಬೂನು ನೊರೆಯೇಳದು. ಉಪ್ಪು ಅದನ್ನು ಕರಗಗೊಡುವುದಿಲ್ಲ. ಕಾರಖಾನೆಗಳಲ್ಲಿ ಕುದಿಯುವ ಸಾಬೂನನ್ನು ಗ್ಲಿಸರಿನ್ನಿನಿಂದ ಬೇರ್ಪಡಿಸಲು ಉಪ್ಪು ಹಾಕುವುದೂ ಇದೇ ಗುಣದಿಂದ. ಹಾಗಾದರೆ ಉಪ್ಪನ್ನೇ ಬೆರೆಸಿದ ಸಾಬೂನಿಗೆ ನೊರೆ ಎಲ್ಲಿಂದ ಬಂತು? ಗುಟ್ಟು ನಮ್ಮ ತೆಂಗಿನಲ್ಲಿದೆ. ಕೊಬ್ಬರಿ ಎಣ್ಣೆಯ ಸಾಬೂನು ಬೇರೆ ಎಣ್ಣೆಯದಕ್ಕಿಂತ ಬೇಗ ಕರಗುವಂಥದು, ಉಪ್ಪುನೀರಿಗೂ ಜಗ್ಗದು. ಹಡಗಿನವರಿಗಾಗಿ ಹಿಂದೆ ಇದರಿಂದಲೇ ಸಾಬೂನು ಮಾಡುತ್ತಿದ್ದರು. ಆದರೆ ಅದು ಚರ್ಮವನ್ನು ಒಣಗಿಸುತ್ತದೆ. ಆದ್ದರಿಂದ ಎಣ್ಣೆಯ ಐದನೆಯ ಒಂದು ಪಾಲು ಸಾಬೂನಾಗದೆ ಉಳಿಯುವಂತೆ ಸೋಡಾವನ್ನು ಕಡಿಮೆ ಹಾಕಬೇಕು.

ಕೊಬ್ಬರಿ ಎಣ್ಣೆ 500 ಗ್ರಾಂ, ಶುದ್ಧ ಕಾಸ್ಟಿಕ್ ಸೋಡಾ 73 ಗ್ರಾಂ, ನೀರು 160 ಗ್ರಾಂ, ನುಣ್ಣನೆಯ ಉಪ್ಪು 250 ಗ್ರಾಂ. ಎಲ್ಲವನ್ನೂ ತೂಗಿಯೇ ತೆಗೆದುಕೊಳ್ಳಬೇಕು. ಲೋಟ ಚಮಚಗಳ ಲೆಕ್ಕ ಇಲ್ಲಿ ನಡೆಯದು. ಮೋರಿ ತೊಳೆಯುವ ಪುಡಿಯಂತೂ ಬೇಡವೇ ಬೇಡ. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ನೀರನ್ನು ಸೋಡಾದ ಮೇಲೆ ಎಂದೂ ಹೊಯ್ಯಬಾರದು. ಒಲೆಯಿಲ್ಲದೆಯೇ ಆ ನೀರು ಕೈ ಸುಡುವಷ್ಟು ಕಾಯುತ್ತದೆ, ಘಾಟೂ ಏಳುತ್ತದೆ. ಕಿಟಕಿ ತೆರೆದಿರಬೇಕು, ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಇರಬೇಕು.

ಎರಡನೆಯ ಸಲ ನಮ್ಮಲ್ಲೊಬ್ಬರು ಅವಸರದಲ್ಲಿ ಕೈಗೆ ಸಿಕ್ಕಿದ ಅಲ್ಯೂಮಿನಿಯಂ ಡಬ್ಬಿಯಲ್ಲಿ ಸೋಡಾ ಕರಗಿಸಿದರು. ಕ್ಷಣದಲ್ಲಿ ಅದು ಬುಸುಗುಟ್ಟಿ ಉಕ್ಕಿತು, ಡಬ್ಬಿ ಕಪ್ಪಾಯಿತು. ಮುಂಬಯಿಯ ಮನೆಗಳನ್ನು ನೀವು ಬಲ್ಲಿರಿ. ಅಡಿಗೆಮನೆಯೆಂದರೆ ನಾಲ್ಕು ಹೆಜ್ಜೆ. ಆ ಮನೆಯ ಮಗು ಎರಡು ಹೆಜ್ಜೆಯಾಚೆ ಕೂತು ಆಡುತ್ತಿತ್ತು. ಏನೂ ಆಗಲಿಲ್ಲ, ಆದರೆ ಆ ಸಂಜೆ ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ. ಅಂದಿನಿಂದ ಸ್ಟೀಲಿನ ಪಾತ್ರೆ ಬಿಟ್ಟು ಬೇರೆ ಮುಟ್ಟಿಲ್ಲ. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲೇ ಮಾಡುತ್ತೇವೆ. ಮೈಮೇಲೆ ಸಿಡಿದರೆ ಹುಳಿ ಹಿಂಡುತ್ತ ಕೂಡದೆ ನಲ್ಲಿಯಡಿ ಹಿಡಿದು ಬಹಳ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಡಾಕ್ಟರಲ್ಲಿಗೆ.

ಸೋಡಾನೀರು ಉಗುರುಬೆಚ್ಚಗಾದ ಮೇಲೆ ಎಣ್ಣೆಗೆ ಹೊಯ್ದು ಕಲಕಬೇಕು. ದೋಸೆಹಿಟ್ಟಿನ ಹದ ಬಂದಾಗ ಉಪ್ಪು ಬೆರೆಸಿ ಅಚ್ಚಿಗೆ ಹಾಕಬೇಕು. ಮೊದಲ ಸಲ ಬೆಳಿಗ್ಗೆ ಕೊಯ್ದರಾಯಿತೆಂದು ಮಲಗಿದೆವು. ಬೆಳಿಗ್ಗೆ ಅದು ಕಲ್ಲಾಗಿತ್ತು. ಚೂರಿ ಇಟ್ಟಲ್ಲೆಲ್ಲ ಪುಡಿಪುಡಿ. ಮೈಸೂರುಪಾಕಿಗೆ ಬಿಸಿಯಿರುವಾಗಲೇ ಗೀರು ಹಾಕುವವರಿಗೆ ಇದು ಹೊಳೆಯಬಾರದಿತ್ತೆ! ಎರಡು ಮೂರು ಗಂಟೆಯೊಳಗೆ, ಗಟ್ಟಿಯಾಗಿಯೂ ಬೆಚ್ಚಗಿರುವಾಗ, ಕೈಚೀಲ ತೊಟ್ಟೇ ಕೊಯ್ಯಬೇಕು. ಚಿಕ್ಕ ಚಿಕ್ಕ ಅಚ್ಚುಗಳಿದ್ದರೆ ಆ ಗೊಡವೆಯೇ ಇಲ್ಲ.

ಉಪ್ಪು ಅಂಗಡಿಯ ಪುಡಿಯುಪ್ಪಾದರೂ ಸಾಕು. ಗೋಕರ್ಣಕ್ಕೆ ಹೋದವರೊಬ್ಬರು ಸಾಣಿಕಟ್ಟಾದ ಉಪ್ಪು ತಂದುಕೊಟ್ಟರು. ಬಿಸಿಲಿಗೆ ಹಾಕಿ ಬೀಸಿಕೊಂಡೆವು, ಚೆನ್ನಾಗಿಯೇ ಬಂತು. ಹರಳುಪ್ಪನ್ನು ಹಾಗೆಯೇ ಹಾಕಿದರೆ ಮೈ ಗೀರುತ್ತದೆ. ಮೆಗ್ನೀಷಿಯಂ ಹೆಚ್ಚಿರುವ ಉಪ್ಪು, ಭೇದಿಯುಪ್ಪು ಮೊದಲಾದವು ನೊರೆಯನ್ನು ಕೊಲ್ಲುತ್ತವೆ.

ಕೊಯ್ದ ಬಿಲ್ಲೆಗಳನ್ನು ಗಾಳಿಯಾಡುವೆಡೆ ಕನಿಷ್ಠ ಆರು ವಾರ ಇಡಬೇಕು. ಮೂರು ತಿಂಗಳಿಟ್ಟದ್ದರ ನೊರೆ ಕೆನೆಯಂತೆ ಬರುತ್ತದೆ. ಮಳೆಗಾಲದಲ್ಲಿ ಇದು ಬೆವರುವುದು ಸಹಜ. ಒರೆಸಿ, ಕಾಲಿರುವ ತಟ್ಟೆಯಲ್ಲಿಡಿ. ಬಿಲ್ಲೆ ಗಟ್ಟಿ, ಬಹುದಿನ ಬಾಳುತ್ತದೆ. ಗಾಯವಿದ್ದಲ್ಲಿ, ಗಡ್ಡ ಹೆರೆದ ಮುಖಕ್ಕೆ ಉರಿಯುತ್ತದೆ, ಎಳೆಗೂಸುಗಳಿಗೆ ಬೇಡ. ಕಜ್ಜಿ ತುರಿಗೆ ಮದ್ದೆಂದು ಹೊಗಳುವವರುಂಟು. ನಾವು ಹಾಗೆ ಹೇಳಲಾರೆವು. ಮೈ ತೊಳೆಯುತ್ತದೆ, ಅಷ್ಟೆ.

ಮೇಜಿನ ಮೇಲಿರುವ ಬಿಲ್ಲೆಗಳು ಕೊಯ್ದು ನಾಲ್ಕು ವಾರವಾದವು. ಮುಟ್ಟಿ ನೋಡಿ, ಮೂಸಿ ನೋಡಿ. ಒಯ್ಯುವುದು ಮಾತ್ರ ಇನ್ನು ಹದಿನೈದು ದಿನ ಕಳೆದ ಮೇಲೆ.