ಮಗಳು ಹತ್ತನೇ ತರಗತಿ ಪಾಸಾದಳು, ಮುಂದೇನು?

(ಸ್ವಸಹಾಯ ಸಂಘಗಳ ಸದಸ್ಯೆಯರ ಎರಡು ದಿನಗಳ ಸಮಾವೇಶದಲ್ಲಿ ನಿವೃತ್ತ ಉಪನ್ಯಾಸಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಿನ್ನೆ ಸಂಜೆಯ ಗುಂಪು ಚರ್ಚೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದರು. "ಮೇಡಂ, ನನ್ನ ಮಗಳು ಎಸ್.ಎಸ್.ಎಲ್.ಸಿ. ಪಾಸಾಗಿದಾಳೆ. ಮುಂದೆ ಏನು ಓದಿಸಿದ್ರೆ ಒಳ್ಳೇ ಕಡೆ ಸಂಬಂಧ ಸಿಕ್ತದೆ?" ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆಕೆ ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಕೇಳಿದರು. ಉಳಿದವರು ಮನಸ್ಸಿನಲ್ಲೇ ಕೇಳಿಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಅಡ್ಮಿಷನ್ ಸಮಯದಲ್ಲಿ ಮಗನನ್ನು ಕರೆತಂದ ತಂದೆ "ಯಾವುದಕ್ಕೆ ಕೆಲಸ ಸಿಗುತ್ತೆ" ಎಂದು ಕೇಳುತ್ತಿದ್ದ. ಮಗಳನ್ನು ಕರೆತಂದವನು "ಗಂಡು ಗೊತ್ತಾಗೋವರೆಗೂ ಇರಲಿ, ಯಾವುದಾದರೂ ಕೊಡಿ" ಎನ್ನುತ್ತಿದ್ದ. ಆ "ಯಾವುದಾದರೂ" ಎಂಬ ಮಾತಿನ ಬಗ್ಗೆಯೇ ಇವತ್ತು ನಾನು ಮಾತನಾಡಬೇಕೆಂದಿದ್ದೇನೆ.

ಮೊದಲು ನಮ್ಮ ಮನೆಯದೇ ಕಥೆ ಹೇಳುತ್ತೇನೆ. ನಮ್ಮದು ಶಿರಾ ಸೀಮೆ, ಮಳೆ ನಂಬಿ ಕಡಲೆಕಾಯಿ ಹಾಕುವ ಊರು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ 1973ರಲ್ಲಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದಳು. ಆಗ ಟಿ.ಸಿ.ಎಚ್. ತರಬೇತಿಗೆ ಎಸ್.ಎಸ್.ಎಲ್.ಸಿ. ಸಾಕಿತ್ತು. ಎರಡು ವರ್ಷ ಕಲಿತರೆ ಮೇಷ್ಟ್ರಮ್ಮನಾಗಬಹುದಿತ್ತು. ಅವಳ ಶಾಲೆಯ ಹೆಡ್‌ಮಾಸ್ತರರೇ ಅರ್ಜಿ ಫಾರಂ ತಂದುಕೊಟ್ಟಿದ್ದರು. ಅಪ್ಪ ಅದನ್ನು ಸೂರಿನ ಸಂದಿಗೆ ಸಿಕ್ಕಿಸಿಟ್ಟರು. ಮುಂದಿನ ವಾರವೇ ಗಂಡಿನ ಕಡೆಯವರು ಬಂದರು. ಮೂರು ಸಾವಿರ ನಗದು, ಒಂದು ಎಚ್.ಎಂ.ಟಿ. ವಾಚು, ಸೈಕಲ್ಲು. ಅಪ್ಪ ಮಂಡಿಯಲ್ಲಿ ಸಾಲ ಎತ್ತಿದರು. ಹುಡುಗಿಗೆ ಹದಿನಾರು. ಆಗಿನ ಕಾನೂನಿನಲ್ಲಿ ಅದು ತಪ್ಪೂ ಆಗಿರಲಿಲ್ಲ. ಹೆಣ್ಣಿನ ಮದುವೆಯ ವಯಸ್ಸು ಹದಿನೆಂಟು ಎಂದಾದದ್ದು 1978ರಲ್ಲಿ.

ಅಕ್ಕ ಮೂರು ಸಲ ತವರಿಗೆ ಓಡಿ ಬಂದಳು. ಎರಡನೇ ಸಲ ಬಂದಾಗ ಅವಳ ಬಲಗೈ ಮೇಲೆತ್ತಲು ಬರುತ್ತಿರಲಿಲ್ಲ. ಮೂರು ಸಲವೂ ಅಪ್ಪ ಅವಳನ್ನು ವಾಪಸು ಬಿಟ್ಟು ಬಂದರು. ಅಪ್ಪ ಕೆಟ್ಟವರಾಗಿರಲಿಲ್ಲ. "ಇಲ್ಲಿ ಇಟ್ಟುಕೊಂಡು ಅವಳಿಗೂ ಮಕ್ಕಳಿಗೂ ಏನು ಹಾಕಲಿ?" ಎಂಬುದು ಅವರ ಪ್ರಶ್ನೆಯಾಗಿತ್ತು. ಮದುವೆ ಸಾಲ ಇನ್ನೂ ತೀರಿರಲಿಲ್ಲ. ಆಗ ನಮ್ಮಮ್ಮ ಒಂದು ಮಾತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಆ ಮೂರು ಸಾವಿರದಲ್ಲಿ ಅವಳನ್ನ ಓದಿಸಿದ್ರೆ ಈಗ ಅವಳೇ ನಿಮಗೆ ಹಾಕ್ತಿದ್ದಳು." 1976ರಲ್ಲಿ ನನ್ನ ಸರದಿ ಬಂದಾಗ ಅಮ್ಮ ಹಟ ಹಿಡಿದು ಮೂರು ದಿನ ಒಲೆ ಹಚ್ಚಲಿಲ್ಲ. ನಾನು ಕಾಲೇಜು ಮೆಟ್ಟಿಲು ಹತ್ತಿದ್ದು ಹಾಗೆ, ಅಕ್ಕನ ಬದುಕಿನ ಬೆಲೆ ಕೊಟ್ಟು.

ಇಲ್ಲಿ ನೀವು ಒಂದು ಮಾತು ಹೇಳುತ್ತೀರಿ, ನನಗೆ ಗೊತ್ತು. "ಹೆಚ್ಚು ಓದಿಸಿದರೆ ಅವಳಿಗಿಂತ ಹೆಚ್ಚು ಓದಿದ ಗಂಡು ಹುಡುಕಬೇಕು. ಅಂಥವನು ಕೇಳುವುದೂ ಹೆಚ್ಚು." ಇದು ಸುಳ್ಳಲ್ಲ. ಓದಿದರೆ ವರದಕ್ಷಿಣೆ ತಪ್ಪುತ್ತದೆ ಎಂದು ನಾವೆಲ್ಲ ವೇದಿಕೆಯ ಮೇಲೆ ಹೇಳಿಕೊಂಡು ಬಂದೆವು. ಎಷ್ಟೋ ಮನೆಗಳಲ್ಲಿ ಅದು ಹೆಚ್ಚೇ ಆಯಿತು. ಎಂ.ಎ. ಮಾಡಿದ, ನನ್ನ ಜೊತೆ ಸ್ಟಾಫ್ ರೂಮಿನಲ್ಲಿ ಕೂರುತ್ತಿದ್ದ ಉಪನ್ಯಾಸಕಿಯೊಬ್ಬರ ಸಂಬಳ ಪ್ರತಿ ತಿಂಗಳೂ ಗಂಡನ ಕೈಗೆ ಹೋಗುತ್ತಿತ್ತು. ಆಕೆ ಬಸ್ ಚಾರ್ಜಿಗೂ ಕೈ ಒಡ್ಡಬೇಕಾಗಿತ್ತು. ಅದು ತಿಂಗಳು ತಿಂಗಳು ಕಟ್ಟುವ ವರದಕ್ಷಿಣೆಯಲ್ಲದೆ ಇನ್ನೇನು? ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗಬೇಡ ಎಂದು ತಡೆಯುವುದು ಇವೆಲ್ಲ 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯವೆಂದೇ ಸೇರಿವೆ. ಆದರೂ ಒಂದು ವ್ಯತ್ಯಾಸ ನೋಡಿ. ಆಕೆ ಒಂದು ದಿನ ತೀರ್ಮಾನ ಮಾಡಿ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದರು, ಬಾಡಿಗೆ ಮನೆ ಹಿಡಿದರು. ನಮ್ಮ ಅಕ್ಕನಿಗೆ ಆ ತೀರ್ಮಾನ ಮಾಡುವ ಅವಕಾಶವೇ ಇರಲಿಲ್ಲ. ಓದು ಹೊಡೆತ ತಪ್ಪಿಸುತ್ತದೆ ಎಂದು ನಾನು ಹೇಳಲಾರೆ. ಹೊಡೆತ ಬಿದ್ದ ಮನೆಯಿಂದ ಹೊರಗೆ ಬಂದು ನಿಲ್ಲುವುದಕ್ಕೆ ಸಂಪಾದನೆ ಬೇಕು ಎಂದಷ್ಟೇ ಹೇಳುತ್ತೇನೆ.

ಆದ್ದರಿಂದ ಆ ತಾಯಿಯ ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಕೇಳೋಣ. ಈ ಕೋರ್ಸು ಮುಗಿದಾಗ ಮಗಳಿಗೆ ಹತ್ತೊಂಬತ್ತೋ ಇಪ್ಪತ್ತೋ ಆಗಿರುತ್ತದೆ. ಆ ದಿನ ಅವಳ ಕೈಯಲ್ಲಿರುವ ಕಾಗದ ತೋರಿಸಿದರೆ ಯಾರು ಅವಳಿಗೆ ಸಂಬಳ ಕೊಡುತ್ತಾರೆ? ಇನ್ನೂ ಓದಬೇಕೆಂದರೆ ಆ ಕಾಗದ ಮುಂದಿನ ಬಾಗಿಲು ತೆಗೆಯುತ್ತದೆಯೇ, ಮುಚ್ಚುತ್ತದೆಯೇ?

ಹೆಚ್ಚಿನವರಿಗೆ ಗೊತ್ತಿರುವುದು ಪಿ.ಯು.ಸಿ. ಒಂದೇ. ಅದರಲ್ಲೂ ಮಾರ್ಕ್ಸ್ ಜಾಸ್ತಿ ಬಂದರೆ ಸೈನ್ಸ್, ಕಡಿಮೆ ಬಂದರೆ ಆರ್ಟ್ಸ್. ಈ ತಪ್ಪನ್ನು ನಾನೂ ಮಾಡಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದಿದ್ದ ಒಬ್ಬ ಹುಡುಗಿ ಬಂದು, "ಮಿಸ್, ನನಗೆ ಲೆಕ್ಕಪತ್ರ ಇಷ್ಟ, ಕಾಮರ್ಸ್ ತಗೊಳ್ಳಲಾ?" ಎಂದು ಕೇಳಿದಳು. ನಾನು ಅವಳ ಅಂಕಪಟ್ಟಿ ನೋಡಿ, "ಇಷ್ಟು ಮಾರ್ಕ್ಸ್ ಇಟ್ಟುಕೊಂಡು ಕಾಮರ್ಸ್ ಯಾಕೆ? ಸೈನ್ಸ್ ತಗೋ" ಎಂದುಬಿಟ್ಟೆ. ಎಲ್ಲ ಇಂಗ್ಲಿಷಿನಲ್ಲಿ. ಟ್ಯೂಷನ್ನಿಗೆ ಹೋಗಲು ಹಣವಿಲ್ಲ. ಫಿಸಿಕ್ಸಿನಲ್ಲಿ ಫೇಲಾದಳು. ಫೇಲಾದ ಹುಡುಗಿಯನ್ನು ಮನೆಯಲ್ಲಿ ಯಾಕೆ ಇಟ್ಟುಕೊಳ್ಳಬೇಕೆಂದು ಅದೇ ವರ್ಷ ಮದುವೆ ಮಾಡಿದರು. ಲಗ್ನಪತ್ರಿಕೆ ಕೊಡಲು ನನ್ನ ಮನೆಗೇ ಬಂದಿದ್ದಳು. ನಾನು ಅರಿಶಿನ ಕುಂಕುಮ ಕೊಟ್ಟು ಕಳಿಸಿದೆ. ಏನೂ ಮಾತನಾಡಲಿಲ್ಲ.

ಸೈನ್ಸ್ ಬೇಡವೆಂದಲ್ಲ. ಸೈನ್ಸ್ ಓದಿದವಳು ಮುಂದೆ ಬಿ.ಕಾಂ., ಬಿ.ಎ. ಸೇರಬಹುದು, ಆರ್ಟ್ಸ್ ಓದಿದವಳು ಇಂಜಿನಿಯರಿಂಗಿಗೋ ಬಿ.ಎಸ್ಸಿ. ನರ್ಸಿಂಗಿಗೋ ಹೋಗಲಾಗದು. ಇದು ನಿಜ. ಹುಡುಗಿಗೆ ಗಣಿತ ವಿಜ್ಞಾನಗಳಲ್ಲಿ ಆಸಕ್ತಿಯಿದ್ದು, ಆಸರೆಯೂ ಇದ್ದರೆ ಖಂಡಿತ ಓದಲಿ. ಹಾಗೆಯೇ ಆರ್ಟ್ಸ್ ಎಂದರೆ ದಡ್ಡರಿಗೆ ಎಂಬ ಮಾತನ್ನೂ ಬಿಡಿ. ಯಾವ ವಿಭಾಗದಲ್ಲಾದರೂ ಪಿ.ಯು.ಸಿ. ಪಾಸಾದವಳು ಗ್ರಾಮ ಆಡಳಿತಾಧಿಕಾರಿ, ದ್ವಿತೀಯ ದರ್ಜೆ ಸಹಾಯಕಿ ಹುದ್ದೆಗಳ ಪರೀಕ್ಷೆ ಬರೆಯಬಹುದು, ಡಿ.ಎಲ್.ಇಡಿ. ಮಾಡಬಹುದು, ಐದು ವರ್ಷದ ಕಾನೂನು ಪದವಿ ಸೇರಬಹುದು.

ಪಾಲಿಟೆಕ್ನಿಕ್ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಮಾತೇ ಇಲ್ಲ. ಗಂಡುಮಕ್ಕಳಿಗಾದರೆ ಗೊತ್ತು. ಎಸ್.ಎಸ್.ಎಲ್.ಸಿ. ಆದಮೇಲೆ ನೇರವಾಗಿ ಮೂರು ವರ್ಷದ ಡಿಪ್ಲೊಮಾ. ಕಂಪ್ಯೂಟರ್, ಸಿವಿಲ್, ಎಲೆಕ್ಟ್ರಾನಿಕ್ಸ್ ಅಲ್ಲದೆ ಕಮರ್ಷಿಯಲ್ ಪ್ರಾಕ್ಟೀಸ್, ಸಿದ್ಧ ಉಡುಪು ವಿನ್ಯಾಸ ಇಂಥವೂ ಕೆಲವು ಕಡೆ ಇವೆ. ಮಹಿಳೆಯರಿಗಾಗಿಯೇ ಸರ್ಕಾರಿ ಪಾಲಿಟೆಕ್ನಿಕ್‌ಗಳಿವೆ. ಸರ್ಕಾರಿ ಕಾಲೇಜಿನ ಶುಲ್ಕ ಖಾಸಗಿಯವರು ಕೇಳುವುದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಇದನ್ನು ಮುಗಿಸಿದವಳು ಡಿ.ಸಿ.ಇ.ಟಿ. ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಬೇಡವೆಂದರೆ ಹತ್ತೊಂಬತ್ತನೇ ವಯಸ್ಸಿಗೇ ಕೆಲಸ ಹುಡುಕಬಹುದು. ಐ.ಟಿ.ಐ. ಇನ್ನೂ ಹತ್ತಿರದ ದಾರಿ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡೆರಡು ವರ್ಷ, ಕಂಪ್ಯೂಟರ್ ಆಪರೇಟರ್ ಒಂದು ವರ್ಷ, ಹೊಲಿಗೆಯದೂ ಒಂದು ವರ್ಷ. ಎರಡು ವರ್ಷದ ಐ.ಟಿ.ಐ. ಮುಗಿಸಿದವಳಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಪ್ರವೇಶ ಉಂಟು. "ಹುಡುಗಿ ಎಲೆಕ್ಟ್ರಿಷಿಯನ್ನೇ?" ಎಂದು ಮೂಗಿನ ಮೇಲೆ ಬೆರಳಿಡಬೇಡಿ. ನಾವು ಹೆಣ್ಣುಮಕ್ಕಳಿಗೆ ಯಾವಾಗಲೂ ಹೊಲಿಗೆಯನ್ನೇ ತೋರಿಸುತ್ತೇವೆ. ಒಂದೇ ಬೀದಿಯಲ್ಲಿ ಆರು ಜನ ರವಿಕೆ ಹೊಲಿಯಲು ಕುಳಿತರೆ ಯಾರ ಹೊಟ್ಟೆ ತುಂಬುತ್ತದೆ, ನೀವೇ ಹೇಳಿ. ನಿಮ್ಮ ಸಂಘಗಳಲ್ಲಿ ಹೊಲಿಗೆ ಯಂತ್ರಕ್ಕೆ ಸಾಲ ತೆಗೆದವರನ್ನು ಕೇಳಿದರೆ ಗೊತ್ತಾಗುತ್ತದೆ.

ಈಗ ಬಹಳ ಎಚ್ಚರದಿಂದ ಕೇಳಬೇಕಾದ ವಿಷಯ, ನರ್ಸಿಂಗ್. ಪೇಟೆಯಲ್ಲಿ ಯಾವುದೋ ಅಂಗಡಿಯ ಮಹಡಿ ಮೇಲೆ ಬೋರ್ಡು ಹಾಕಿರುತ್ತಾರೆ. "ಎಸ್.ಎಸ್.ಎಲ್.ಸಿ. ಪಾಸ್ ಅಥವಾ ಫೇಲ್, ಒಂದು ವರ್ಷದಲ್ಲಿ ನರ್ಸಿಂಗ್, ಕೆಲಸ ಗ್ಯಾರಂಟಿ." ನಮ್ಮ ಬೀದಿಯ ಹೂ ಮಾರುವ ಹೆಂಗಸು ಓಲೆ ಅಡವಿಟ್ಟು ಮಗಳನ್ನು ಅಂಥ ಒಂದು ಕಡೆ ಸೇರಿಸಿದಳು. ಬಿಳಿ ಕೋಟು ಕೊಟ್ಟರು, ಫೋಟೋ ತೆಗೆದರು, ಕೊನೆಗೆ ಒಂದು ಸರ್ಟಿಫಿಕೇಟೂ ಕೊಟ್ಟರು. ಹುಡುಗಿ ಖಾಸಗಿ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ, ಎಲ್ಲರೂ "ಸಿಸ್ಟರ್" ಎನ್ನುತ್ತಾರೆ, ಸಂಬಳ ಮಾತ್ರ ಆಯಾಗೆ ಕೊಡುವಷ್ಟು. ಸರ್ಕಾರಿ ಆಸ್ಪತ್ರೆಯ ಹುದ್ದೆಗೆ ಅರ್ಜಿ ಹಾಕಲು ಹೋದಾಗಲೇ ಗೊತ್ತಾದದ್ದು, ಆ ಕಾಗದಕ್ಕೆ ಬೆಲೆಯಿಲ್ಲವೆಂದು. ನೆನಪಿಡಿ, ಎಸ್.ಎಸ್.ಎಲ್.ಸಿ. ಮುಗಿಸಿ ನೇರವಾಗಿ ಯಾರೂ ನರ್ಸ್ ಆಗಲಾರರು. ಎ.ಎನ್.ಎಂ. ಎರಡು ವರ್ಷ, ಜಿ.ಎನ್.ಎಂ. ಮೂರು ವರ್ಷ, ಎರಡಕ್ಕೂ ಪಿ.ಯು.ಸಿ. ಆಗಿರಬೇಕು, ಆರ್ಟ್ಸ್ ಆದರೂ ನಡೆಯುತ್ತದೆ. ಬಿ.ಎಸ್ಸಿ. ನರ್ಸಿಂಗಿಗೆ ಮಾತ್ರ ಜೀವಶಾಸ್ತ್ರವಿರುವ ಸೈನ್ಸ್ ಬೇಕು. ಕಲಿತ ಮೇಲೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಣಿಯಾಗಬೇಕು. ದುಡ್ಡು ಕಟ್ಟುವ ಮೊದಲು "ಕೌನ್ಸಿಲ್ ಮಾನ್ಯತೆ ಪತ್ರ ತೋರಿಸಿ" ಎಂದು ಕೇಳಿ. ತೋರಿಸದವರ ಮೆಟ್ಟಿಲು ಇಳಿದು ಬನ್ನಿ. ಐ.ಟಿ.ಐ.ಗಾದರೆ ಎನ್.ಸಿ.ವಿ.ಟಿ. ಮಾನ್ಯತೆ ಇದೆಯೇ ಎಂದು ಕೇಳಿ. ಇನ್ನೊಂದು, ಮೂಲ ಅಂಕಪಟ್ಟಿಯ ನಾಲ್ಕು ಜೆರಾಕ್ಸ್ ಮನೆಯಲ್ಲಿರಲಿ. ಮೂಲ ಪ್ರತಿ ಕೊಟ್ಟರೆ ರಸೀದಿ ಬರೆಸಿಕೊಳ್ಳಿ. ಬಿಟ್ಟುಬರುತ್ತೇವೆಂದಾಗ ಅದನ್ನೇ ಹಿಡಿದಿಟ್ಟು ಉಳಿದ ವರ್ಷಗಳ ಫೀಸು ಕೇಳಿದ್ದನ್ನು ನಾನು ನೋಡಿದ್ದೇನೆ.

ದುಡ್ಡಿನ ಮಾತಿಗೆ ಬರುತ್ತೇನೆ. ನಿಮ್ಮ ಸಂಘದ ಸಾಲದ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ. ಮಗಳ ಮದುವೆಗೆ ಎಂದು ಎಷ್ಟು ಸಾಲ ಬರೆದಿದೆ, ಮಗಳ ಓದಿಗೆ ಎಂದು ಎಷ್ಟು ಬರೆದಿದೆ? ಬೆಳಿಗ್ಗೆ ಇಲ್ಲಿ ಎರಡು ಸಂಘದವರು ತಮ್ಮ ಪುಸ್ತಕ ತೋರಿಸಿದರು. ನಾನು ಅಂಕಿ ಹೇಳಿ ಅವರನ್ನು ನಾಚಿಸುವುದಿಲ್ಲ. ಓದಿಗೆ ಎರಡು ಸಾವಿರ ಕೇಳಿದರೆ "ಯಾಕೆ ಬೇಕಿತ್ತು" ಎನ್ನುವ ನಾವೇ, ಮದುವೆಗೆಂದರೆ ಕೂಡಲೇ ಸಹಿ ಹಾಕುತ್ತೇವೆ. ಆ ಸಾಲದಲ್ಲಿ ಎಷ್ಟು ಪಾಲು ಗಂಡಿನ ಮನೆಗೆ ಹೋಗುತ್ತದೆ ಎಂದು ನಮಗೆ ಗೊತ್ತಿಲ್ಲವೇ? 1961ರ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಹಾಗಾದರೆ ಅದಕ್ಕೆ ಸಾಲ ಕೊಡುವ ನಮ್ಮ ಸಂಘ ಏನು ಮಾಡಿದ ಹಾಗಾಯಿತು?

ಭಾಗ್ಯಲಕ್ಷ್ಮಿ ಬಾಂಡಿನದೂ ಅದೇ ಕಥೆ. 2006-07ರಲ್ಲಿ ಶುರುವಾದ ಯೋಜನೆ. ಮೊದಲ ಹುಡುಗಿಯರಿಗೆ ಹದಿನೆಂಟು ತುಂಬಿ ಹಣ ಕೈಸೇರುವ ಕಾಲ ಬಂದಿದೆ. "ಮದುವೆಗೆ ಆಯ್ತಲ್ಲ" ಎನ್ನುತ್ತಾರೆ. ಆ ಹಣ ಹುಡುಗಿಯದು. ಅವಳ ಡಿಪ್ಲೊಮಾದ ಕೊನೆಯ ವರ್ಷಕ್ಕೋ ನರ್ಸಿಂಗ್ ಶುಲ್ಕಕ್ಕೋ ಆಗಲಿ. ವಿದ್ಯಾರ್ಥಿವೇತನಕ್ಕೆ ಜಾತಿ ಆದಾಯ ಪತ್ರ ಬೇಕು. ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ, ಅರ್ಜಿಯ ಕೊನೆಯ ದಿನ ಓಡಬೇಡಿ. ಬ್ಯಾಂಕಿನವರು ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನು ಅಡಮಾನ ಕೇಳುವಂತಿಲ್ಲ. ಕೇಳಿದರೆ ಸಂಘದವರು ನಾಲ್ಕೈದು ಜನ ಒಟ್ಟಾಗಿ ಹೋಗಿ ಮ್ಯಾನೇಜರ ಮುಂದೆ ಕುಳಿತುಕೊಳ್ಳಿ. ಒಬ್ಬಳೇ ಹೋದರೆ ನಾಳೆ ಬಾ ಎನ್ನುತ್ತಾರೆ.

ದೂರ ಎನ್ನುತ್ತೀರಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಪ್ರಯಾಣ ಬಂದಿತು. ಜಿಲ್ಲಾ ಕೇಂದ್ರಗಳಲ್ಲಿ ಹಿಂದುಳಿದ ವರ್ಗಗಳ ಹಾಗೂ ಸಮಾಜ ಕಲ್ಯಾಣ ಇಲಾಖೆಗಳ ಹುಡುಗಿಯರ ಹಾಸ್ಟೆಲುಗಳಿವೆ. ಊಟ ಹೇಗಿದೆ, ಬಾಗಿಲು ಭದ್ರವೇ ಎಂದು ತಾಯಂದಿರು ಹೋಗಿ ನೋಡಿ ಬನ್ನಿ. "ಹೆಸರು ಕೆಟ್ಟೀತು" ಎಂಬ ಭಯಕ್ಕೆ ಮಾತ್ರ ನನ್ನಲ್ಲಿ ಔಷಧಿಯಿಲ್ಲ. ನಮ್ಮಕ್ಕ ಯಾವ ಕಾಲೇಜಿಗೂ ಹೋಗಲಿಲ್ಲ, ಯಾವ ಹೆಸರೂ ಕೆಡಿಸಿಕೊಳ್ಳಲಿಲ್ಲ.

ಫೇಲಾದ ಹುಡುಗಿಯರನ್ನು ಮರೆಯುವಂತಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶ ಬರುವುದು ಹೆಚ್ಚಾಗಿ ಮೇ ತಿಂಗಳಲ್ಲಿ. ವೈಶಾಖದ ಲಗ್ನಗಳ ಕಾಲವೂ ಅದೇ. ಆಷಾಢ ಬರುವುದರೊಳಗೆ ಮುಗಿಸಿಬಿಡೋಣ ಎಂದು ಹದಿನಾರರ ಹುಡುಗಿಯ ಕೊರಳಿಗೆ ತಾಳಿ ಬೀಳುವುದು ಈ ಅವಸರದಲ್ಲೇ. 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂದಿತು. ಮೊದಲನೆಯದರಲ್ಲಿ ಹೋದ ವಿಷಯ ಎರಡನೆಯದರಲ್ಲಿ ಬರೆಯಬಹುದು. ಅಂಥ ಹುಡುಗಿಗೆ ಒಂದು ತಿಂಗಳು ಗಣಿತ ಹೇಳಿಕೊಡುವವರನ್ನು ಸಂಘದವರು ಹುಡುಕಿ. ಹದಿನೆಂಟು ತುಂಬದ ಮದುವೆಗೆ ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಮಾನ್ಯತೆಯೇ ಇಲ್ಲ. ಪಕ್ಕದ ಮನೆಯಲ್ಲಿ ಚಪ್ಪರ ಏಳುತ್ತಿದ್ದರೆ 1098ಕ್ಕೆ ಫೋನು ಮಾಡಿ. ನೆರೆಯವರ ನಿಷ್ಠುರ ಕಟ್ಟಿಕೊಳ್ಳಬೇಕಾಗುತ್ತದೆ, ನಿಜ.

ನಿನ್ನೆ ಕೇಳಿದ ಆ ತಾಯಿ ಇವತ್ತು ಮಗಳನ್ನೂ ಕರೆದುಕೊಂಡು ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಊಟಕ್ಕೆ ಮೊದಲು ಹುಡುಗಿಯನ್ನು ನಾನು ಒಂದೇ ಮಾತು ಕೇಳಿದೆ, "ನಿನಗೇನು ಬೇಕಮ್ಮ?" ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನ್ನನ್ನ ಯಾರೂ ಕೇಳಿರಲಿಲ್ಲ, ಯೋಚನೆ ಮಾಡಿ ಹೇಳ್ತೀನಿ" ಎಂದಳು. ಸಂಜೆ ಐದರ ಬಸ್ಸಿನವರೆಗೂ ನಾನು ಇಲ್ಲೇ ಇರುತ್ತೇನೆ. ಮಕ್ಕಳ ಅಂಕಪಟ್ಟಿ ತಂದವರು ಬನ್ನಿ, ಒಬ್ಬೊಬ್ಬರದೇ ನೋಡೋಣ.