ರೊಟ್ಟಿ ಬಡಿದ ಕೈಗಳನ್ನು ಮರೆಯದಿರೋಣ

(ಬ್ಲಾಕಿನ ಹಳ್ಳಿಗಳ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಬೀಜದ ವಿಷಯವನ್ನಾಗಲಿ ಗೊಬ್ಬರದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ನಾವು ಬೆಳೆದ ಜೋಳ ರೊಟ್ಟಿಯಾಗಿ ಹಸಿದವರ ತಟ್ಟೆಗೆ ಹೋಗುತ್ತದೆಯಲ್ಲ, ಆ ರೊಟ್ಟಿಯನ್ನು ಬಡಿಯುವ ಕೈಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನೂ ನಿಮ್ಮಂತೆ ಎರೆಹೊಲದ ರೈತ. ನಮ್ಮೂರಿನ ದಾಸೋಹದ ಗುಂಪಿನಲ್ಲಿ ಹಲವು ವರ್ಷ ಓಡಾಡಿದವನು. ನಾನು ಹೇಳುವುದರಲ್ಲಿ ಬಹುಪಾಲು ನಮ್ಮ ತಪ್ಪಿನಿಂದಲೇ ನಾವು ಕಲಿತದ್ದು. ಆದುದರಿಂದ ಉಪದೇಶವೆಂದು ತಿಳಿಯದೆ ಅನುಭವವೆಂದು ಕೇಳಬೇಕು.

ಹಸಿದವರಿಗೆ ಅನ್ನ ಹಾಕುವುದು ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಕಲಿಸಿದರು. ಪ್ರತಿವರ್ಷ ಬನದ ಹುಣ್ಣಿಮೆ ಕಳೆಯುತ್ತಲೇ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ನೀವು ನೋಡಿದ್ದೀರಿ. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳಿಂದ ಜೋಳದ ರೊಟ್ಟಿ ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಮೆರವಣಿಗೆಯಾಗಿ ಬರುತ್ತದೆ. ಅದರ ಎಣಿಕೆ ಲಕ್ಷಗಳಲ್ಲಿ. 2009ರಲ್ಲಿ ಮತ್ತು 2019ರಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂದಾಗಲೂ ರೊಟ್ಟಿಯೇ ನೆರವಿಗೆ ಬಂತು. ಖಡಕ್ ರೊಟ್ಟಿಗೆ ಬಿಸಿ ಮಾಡುವ ಒಲೆ ಬೇಡ, ಬೇಗ ಹಳಸುವುದಿಲ್ಲ, ಶೇಂಗಾ ಚಟ್ನಿ ಇದ್ದರೆ ಅದೇ ಊಟ. ಮನೆ ಕಳೆದುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದಿದೆ?

ಆದರೆ ಮೆರವಣಿಗೆಯಲ್ಲಿ ಯಾರಿರುತ್ತಾರೆ? ಟ್ರ್ಯಾಕ್ಟರಿನ ಮೇಲೆ ನಾವು ಗಂಡಸರು ಕುಳಿತಿರುತ್ತೇವೆ. ಡೊಳ್ಳಿನ ಮುಂದೆ ನಾವು. ಹಾರ, ಶಾಲು ನಮಗೆ. ರೊಟ್ಟಿ ಬಡಿದವರು ಅಷ್ಟು ಹೊತ್ತಿಗೆ ಹಂಚು ತೊಳೆದು ರಾತ್ರಿಯ ಅಡಿಗೆಗೆ ಒಲೆ ಹೊತ್ತಿಸುತ್ತಿರುತ್ತಾರೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂಬ ಗಾದೆ ಇಲ್ಲಿ ನಮಗೇ ತಗಲುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಊರಿನಿಂದ 2,000 ರೊಟ್ಟಿ ಕಳುಹಿಸಬೇಕೆಂದು ಇಟ್ಟುಕೊಳ್ಳಿ. ಒಂದು ಕಿಲೋ ಹಿಟ್ಟಿಗೆ 12ರಿಂದ 15 ರೊಟ್ಟಿ ಆಗುತ್ತವೆ. ಎಂದರೆ ಸುಮಾರು ಒಂದೂವರೆ ಕ್ವಿಂಟಲ್ ಜೋಳ. ಜೋಳ ಕೊಟ್ಟವರ ಹೆಸರನ್ನು ನಾವು ಬರೆದುಕೊಳ್ಳುತ್ತೇವೆ. ಕೈ ಪಳಗಿದವಳಿಗೂ ಒಂದು ರೊಟ್ಟಿ ಬಡಿದು ಸುಡಲು ಎರಡು ನಿಮಿಷವಾದರೂ ಬೇಕು. 2,000 ರೊಟ್ಟಿಗೆ 4,000 ನಿಮಿಷ, ಹತ್ತಿರ ಹತ್ತಿರ 67 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಎಂಟು ಆಳಿಗೂ ಮಿಕ್ಕಿದ ಕೆಲಸ. ಎಸರಿಡುವುದು, ಹಿಟ್ಟು ನಾದುವುದು, ಒಲೆ ನೋಡಿಕೊಳ್ಳುವುದು, ರೊಟ್ಟಿ ಒಣಗಿಸುವುದು ಇದರಲ್ಲಿ ಸೇರಿಲ್ಲ. ಈ ಎಂಟು ಆಳಿನ ದುಡಿತವನ್ನು ನಾವು ಯಾವ ಪುಸ್ತಕದಲ್ಲಿ ಬರೆದಿದ್ದೇವೆ? ಇಂದು ಪೇಟೆಯಲ್ಲಿ ಖಡಕ್ ರೊಟ್ಟಿ ಹಣಕ್ಕೆ ಮಾರಾಟವಾಗುತ್ತದೆ. ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು ಅದರಿಂದ ಸಂಸಾರ ನಡೆಸುತ್ತಾರೆ. ಅಂಥ ಕೈ ಒಂದು ದಿನ ದಾಸೋಹಕ್ಕೆ ದುಡಿದರೆ ಅದು ಒಂದು ದಿನದ ಗಳಿಕೆಯನ್ನೇ ಕೊಟ್ಟಂತೆ.

ಈಗ ನಮ್ಮ ತಪ್ಪಿನ ಕಥೆ ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ನಮ್ಮೂರಿನಲ್ಲಿ ನಲವತ್ತು ಮನೆಯ ಹೆಣ್ಣುಮಕ್ಕಳು ಒಂದು ರಾತ್ರಿ ಒಂದು ಹಗಲು ಒಲೆಯ ಮುಂದಿನಿಂದ ಏಳಲಿಲ್ಲ. ನಮಗೆ ಅವಸರ. ಇನ್ನೂ ಬಿಸಿಯಾಗಿದ್ದ ರೊಟ್ಟಿಗಳನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯಿ ಕಟ್ಟಿ, ಮಳೆಯಲ್ಲಿಯೇ ಹೊರಟೆವು. ಯಾವ ಊರಿಗೆ ಎಷ್ಟು ಬೇಕೆಂದು ಮೊದಲು ಯಾರನ್ನೂ ಕೇಳಿರಲಿಲ್ಲ. ನಾವು ಮುಟ್ಟುವ ಮೊದಲೇ ಅಲ್ಲಿಗೆ ಬೇರೆ ಊರುಗಳ ಗಾಡಿಗಳು ಬಂದು ರೊಟ್ಟಿ ರಾಶಿಯಾಗಿತ್ತು. ಒಂದು ದಿನ ಅಲ್ಲಿ ಇಲ್ಲಿ ತಿರುಗಿದೆವು. ಚೀಲ ಬಿಚ್ಚಿದರೆ ಅರ್ಧಕ್ಕರ್ಧ ರೊಟ್ಟಿ ಬೆವರಿ ಬೂಸಲು ಹಿಡಿದಿತ್ತು. ಕೆಟ್ಟದ್ದನ್ನು ಗುಂಡಿ ತೋಡಿ ಹೂಳಿ, ಉಳಿದದ್ದನ್ನು ಹಂಚಿ ಬಂದೆವು. ಊರಿಗೆ ಬಂದು ಎಲ್ಲವೂ ಸುಸೂತ್ರವಾಯಿತೆಂದು ಹೇಳಿದೆವು. ಹಾಗೆ ಹೇಳಿದವನು ನಾನೇ.

ನಾಲ್ಕು ದಿನದ ಮೇಲೆ ನಮ್ಮ ಓಣಿಯ ಮುದುಕಿಯೊಬ್ಬಳು, ಆ ರಾತ್ರಿ ಎಲ್ಲರಿಗಿಂತ ಹೆಚ್ಚು ರೊಟ್ಟಿ ಬಡಿದವಳು, ನನ್ನನ್ನು ಕಟ್ಟೆಯ ಹತ್ತಿರ ನಿಲ್ಲಿಸಿ, "ತಮ್ಮಾ, ನಮ್ಮ ರೊಟ್ಟಿ ಯಾರು ತಿಂದ್ರು?" ಎಂದು ಕೇಳಿದಳು. ನಾನು ಏನೋ ಹೇಳಿ ಜಾರಿಕೊಂಡೆ. ಗಾಡಿಯ ಜೊತೆ ಬಂದ ಹುಡುಗರಿಂದ ಅವಳಿಗೆ ಸುದ್ದಿ ಆಗಲೇ ತಿಳಿದಿತ್ತು. ಮುಂದೆ 2020ರ ಜನವರಿಯ ಜಾತ್ರೆಗೆ ರೊಟ್ಟಿ ಕೇಳಲು ಹೋದಾಗ ನಲವತ್ತು ಮನೆಗಳಲ್ಲಿ ಹನ್ನೊಂದು ಮನೆಗಳವರು ಮಾತ್ರ ಒಪ್ಪಿದರು. ಒಬ್ಬಳಿಗೆ ಹತ್ತಿ ಬಿಡಿಸುವ ಕೆಲಸ, ಒಬ್ಬಳಿಗೆ ಸೊಂಟ ನೋವು, ಒಬ್ಬಳ ಮನೆಯಲ್ಲಿ ಕಟ್ಟಿಗೆ ಇಲ್ಲ. ಯಾರೂ ಜಗಳವಾಡಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವಂತೆ ಹತ್ತಾರು ವರ್ಷ ಕೂಡಿಸಿದ ಮನಸ್ಸು ಒಂದು ಸುಳ್ಳಿಗೆ ಒಡೆದುಹೋಗಿತ್ತು.

ಕೊನೆಗೆ ನಾವು ನಾಲ್ವರು ಮನೆಮನೆಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದೆವು. ಆ ಮುದುಕಿ ಹೇಳಿದ ಮಾತು ಇಂದಿಗೂ ನನಗೆ ನೆನಪಿದೆ. "ರೊಟ್ಟಿ ಕೆಟ್ಟಿದ್ದಕ್ಕ ಸಿಟ್ಟಿಲ್ಲ ತಮ್ಮಾ. ಮಳಿಗಾಲದಾಗ ಕೆಡತಾವ. ನಮಗ ಹೇಳಲಿಲ್ಲಲ್ಲ, ಅದಕ್ಕ ಸಿಟ್ಟು." ಆ ಮೇಲೆ ನಾವು ಮಾಡಿಕೊಂಡ ಕೆಲವು ಕಟ್ಟಳೆಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಜಾತ್ರೆಯಿರಲಿ, ನೆರೆಯಿರಲಿ, ಶಾಲೆಯ ಮಕ್ಕಳ ಊಟವಿರಲಿ, ಇವು ಎಲ್ಲ ಕಡೆಗೂ ಸಲ್ಲುತ್ತವೆ.

ಮೊದಲನೆಯದು, ಕೇಳಿ ಮಾಡಿಸಬೇಕು. ಉಣ್ಣುವವರಿಗೆ ಎಷ್ಟು ಬೇಕು, ಯಾವ ದಿನ ಬೇಕು ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಬಳಿಕ ರೊಟ್ಟಿ ಬಡಿಯುವವರನ್ನು ಸೇರಿಸಿ, ಇಷ್ಟು ಬೇಕಾಗಿದೆ, ನಿಮ್ಮಿಂದ ಎಷ್ಟಾದೀತು ಎಂದು ಕೇಳಬೇಕು. ಮನೆಗೆ ನೂರರಂತೆ ಎಂದು ಗುಡಿಯ ಕಟ್ಟೆಯ ಮೇಲೆ ಕುಳಿತು ಗಂಡಸರು ಹುಕುಂ ಮಾಡಬಾರದು. ಜಾತ್ರೆಯ ದಿನಗಳೆಂದರೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ, ಕಡಲೆ ಕೀಳುವ ದಿನಗಳು. ಬಾಣಂತಿಯ ಮನೆ, ರೋಗಿಯಿರುವ ಮನೆ, ಕೂಲಿಗೆ ಹೋಗಲೇಬೇಕಾದ ಮನೆ ಇರುತ್ತವೆ. ಆಗುವುದಿಲ್ಲ ಎಂದವರ ಮಾತನ್ನು ನಂಬಿ, ಅವರ ಹೆಸರನ್ನು ನಾಲ್ಕು ಜನರ ನಡುವೆ ಎತ್ತದೆ ಬಿಡಬೇಕು. ಒಂದು ವರ್ಷ ಬಿಟ್ಟವಳು ಮುಂದಿನ ವರ್ಷ ತಾನಾಗಿ ಬರುತ್ತಾಳೆ. ಕಟ್ಟೆಯ ಮೇಲೆ ಅನ್ನಿಸಿಕೊಂಡವಳು ಮತ್ತೆ ಬರುವುದಿಲ್ಲ.

ಎರಡನೆಯದು, ಸಾಮಾನು ಗುಂಪಿನಿಂದ ಹೋಗಬೇಕು. ಹೊಲವುಳ್ಳವರು ಜೋಳ ಕೊಡಲಿ. ಅದನ್ನು ಬೀಸಿಸಿ ಹಸನಾದ ಹಿಟ್ಟನ್ನು ಮನೆಗೆ ಮುಟ್ಟಿಸಬೇಕು. ಗೋದಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಬಿಸಿ ಎಸರು ಹಾಕಿ ನಾದಿದಾಗ ಮಾತ್ರ ಅದಕ್ಕೆ ಜಿಗುಟು ಬರುತ್ತದೆ. ಹಿಟ್ಟು ಹಳೆಯದಾದರೆ ಅದೂ ಬಾರದೆ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ಹಳೆಯ ಹಿಟ್ಟು ಕೊಟ್ಟು ರೊಟ್ಟಿ ಹರಿಯಿತೆಂದು ಅವಳನ್ನು ದೂರುವುದು ಸಲ್ಲದು. ಕಟ್ಟಿಗೆ ಅಥವಾ ಗ್ಯಾಸಿನ ಖರ್ಚೂ ಗುಂಪಿನದೇ ಆಗಬೇಕು. ಬಡವರ ಮನೆಯ ಹೆಣ್ಣುಮಗಳು ಕೈಯನ್ನೂ ಕೊಟ್ಟು ಕಟ್ಟಿಗೆಯನ್ನೂ ಕೊಡುವಂತಾಗಬಾರದು.

ಮೂರನೆಯದು, ಗಂಡಸರು ಕೈ ಹಚ್ಚಬೇಕು. ಜೋಳ ಹಸನು ಮಾಡುವುದು, ಗಿರಣಿಗೆ ಒಯ್ಯುವುದು, ನೀರು ತರುವುದು, ಕಟ್ಟಿಗೆ ಒಡೆಯುವುದು, ಎಣಿಸಿ ಕಟ್ಟುವುದು ಇವಕ್ಕೆಲ್ಲ ಗಂಡಸಿನ ಕೈ ಆಗುವುದಿಲ್ಲವೇ? ಅಮೃತಸರದ ಸ್ವರ್ಣಮಂದಿರದ ಲಂಗರಿನಲ್ಲಿ ಗಂಡಸರು ಹೆಂಗಸರು ಜೊತೆಯಾಗಿ ಕುಳಿತು ರೊಟ್ಟಿ ಲಟ್ಟಿಸುತ್ತಾರೆ. ಅದರಿಂದ ಯಾರ ಗೌರವವೂ ಕಡಿಮೆಯಾಗಿಲ್ಲ. ಇನ್ನು, ಒಲೆಯ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೇಡು. ಹೆಚ್ಚು ರೊಟ್ಟಿ ಸುಡುವ ದಿನ ಒಲೆಯನ್ನು ಅಂಗಳದಲ್ಲಿ ಹೂಡಿ, ಗಂಟೆಗೊಮ್ಮೆ ಒಬ್ಬರು ಎದ್ದು ಇನ್ನೊಬ್ಬರು ಕೂರುವಂತೆ ಏರ್ಪಾಡು ಮಾಡಬೇಕು. ಅಂದು ಅವರಿಗೆ ಚಹ, ಊಟ ಗುಂಪಿನಿಂದಲೇ ಆಗಬೇಕು. ಊರಿಗೆ ರೊಟ್ಟಿ ಬಡಿದವಳು ಮನೆಗೆ ಹೋಗಿ ಮತ್ತೆ ಅಡಿಗೆ ಮಾಡುವಂತಾದರೆ ನಾವು ಮಾಡಿದ ಉಪಕಾರವೇನು?

ನಾಲ್ಕನೆಯದು, ಮಾಡಿದ ರೊಟ್ಟಿಯನ್ನು ಕೆಡಿಸಬಾರದು. ಸುಟ್ಟ ರೊಟ್ಟಿಯನ್ನು ಒಲೆಯ ಬದಿಗೆ ನೆಟ್ಟಗೆ ಆನಿಸಿ, ಪಸೆ ಆರಿ ಗರಿಯಾದ ಮೇಲೆಯೇ ಕಟ್ಟಬೇಕು. ಶುಭ್ರವಾದ ಒಣ ಬಟ್ಟೆ ಹಾಸಿದ ಬುಟ್ಟಿ ಅಥವಾ ಪೆಟ್ಟಿಗೆಯಲ್ಲಿಟ್ಟು, ಮಳೆಗೆ ಮೇಲೆ ತಾಡಪಾಲು ಹೊದಿಸಬೇಕು. ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಏನಾಗುತ್ತದೆಂಬುದನ್ನು ಆಗಲೇ ಹೇಳಿದ್ದೇನೆ. ದುಡಿದವರ ಕಣ್ಣಮುಂದೆ ಅವರ ದುಡಿತ ಹಾಳಾಗುವುದಕ್ಕಿಂತ ದೊಡ್ಡ ಅವಮಾನವಿಲ್ಲ.

ಐದನೆಯದು, ಪುಸ್ತಕದಲ್ಲಿ ಬರೆಯಬೇಕು. 500 ರೂಪಾಯಿ ಕೊಟ್ಟವರ ಹೆಸರು ಫಲಕದ ಮೇಲೆ ಬರುವುದಾದರೆ 50 ರೊಟ್ಟಿ ಬಡಿದವಳ ಹೆಸರೂ ಅದೇ ಫಲಕದ ಮೇಲೆ ಬರಬೇಕು. ಇಂಥವರ ಹೆಂಡತಿ, ಇಂಥವರ ಸೊಸೆ ಎಂದು ಬರೆಯದೆ ಅವಳ ಸ್ವಂತ ಹೆಸರನ್ನೇ ಬರೆಯಬೇಕು. ನಮ್ಮೂರಿನಲ್ಲಿ ಮೊದಲ ಸಲ ಹಾಗೆ ಓದಿದಾಗ ಎಷ್ಟೋ ಹೆಸರುಗಳನ್ನು ನಾವೇ ಮೊದಲ ಬಾರಿಗೆ ಕೇಳಿದೆವು. ಒಬ್ಬಿಬ್ಬರಿಗೆ ಮಾತ್ರ ಶಾಲು ಹೊದಿಸಿ ಉಳಿದವರನ್ನು ಬಿಡುವುದು ಬೇಡ. ಅದರಿಂದ ಪ್ರೀತಿಗಿಂತ ಹೊಟ್ಟೆಯುರಿ ಹೆಚ್ಚು. ಎಲ್ಲರನ್ನೂ ಕೂರಿಸಿ ಗಂಡಸರೇ ಬಡಿಸಿ ಒಂದು ಊಟ ಹಾಕಿದರೆ ಸಾಕು.

ಆರನೆಯದು ಮತ್ತು ಮುಖ್ಯವಾದದ್ದು, ಸುದ್ದಿ ಮುಟ್ಟಿಸಬೇಕು. ರೊಟ್ಟಿ ಎಲ್ಲಿಗೆ ಹೋಯಿತು, ಯಾರು ಉಂಡರು, ಎಷ್ಟು ಉಳಿಯಿತು, ಎಷ್ಟು ಕೆಟ್ಟಿತು ಎಂಬುದನ್ನು ಗಾಡಿ ಮರಳಿದ ಮರುದಿನವೇ ರೊಟ್ಟಿ ಬಡಿದವರಿಗೆ ಹೇಳಬೇಕು. ಒಳ್ಳೆಯದಿದ್ದರೆ ಒಳ್ಳೆಯದು, ಕೆಟ್ಟದ್ದಿದ್ದರೆ ಕೆಟ್ಟದ್ದು. ಪ್ರತಿ ಸಲವೂ ರೊಟ್ಟಿ ಬಡಿದವರಲ್ಲಿ ಇಬ್ಬರನ್ನಾದರೂ ಗಾಡಿಯಲ್ಲಿ ಜೊತೆಗೆ ಕರೆದೊಯ್ಯುವುದು ಇನ್ನೂ ಒಳ್ಳೆಯದು. ತಾನು ಬಡಿದ ರೊಟ್ಟಿಯನ್ನು ಅರಿಯದ ಮಗುವೊಂದು ಮುರಿದು ತಿನ್ನುವುದನ್ನು ಕಣ್ಣಾರೆ ನೋಡಿದವಳಿಗೆ ಮುಂದಿನ ವರ್ಷ ಯಾರೂ ಹೇಳಬೇಕಾಗಿಲ್ಲ. ಹಾಗೆಯೇ ಗುಂಪಿನ ಸಭೆಯಲ್ಲಿ ಅವರಿಗೂ ಜಾಗವಿರಬೇಕು. ಎಷ್ಟು ರೊಟ್ಟಿ ಎಂಬುದನ್ನು ರೊಟ್ಟಿ ಬಡಿಯದವರೇ ಕುಳಿತು ಗೊತ್ತು ಮಾಡುವುದು ಸರಿಯಲ್ಲ.

ಈಗ ನಮ್ಮೂರಿನಲ್ಲಿ ಬಿಟ್ಟುಹೋದ ಮನೆಗಳೆಲ್ಲ ಮರಳಿ ಬಂದಿವೆ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹಲವು ಬಂದಿವೆ, ಕೆಲವು ಬಂದಿಲ್ಲ. ಆ ಮುದುಕಿಗೆ ಈಗ ಒಲೆಯ ಮುಂದೆ ಕೂರಲು ಆಗುವುದಿಲ್ಲ. ಆದರೂ ಜಾತ್ರೆಯ ಮುಂಚೆ ಕರೆಕಳುಹಿಸುತ್ತೇವೆ. ಬಂದು ಹಿಟ್ಟು ಮುಟ್ಟಿ ನೋಡಿ, ಇದು ಆದೀತು, ಇದು ಬೇಡ ಎಂದು ಹೇಳುತ್ತಾಳೆ. ಹೊಸದಾಗಿ ಕಲಿಯುವ ಸೊಸೆಯಂದಿರ ಕೈ ತಿದ್ದುತ್ತಾಳೆ. ಕಳೆದ ಸಲ ಇಬ್ಬರು ಹುಡುಗರೂ ಕಲಿಯಲು ಕುಳಿತಿದ್ದರು. ಅವರ ರೊಟ್ಟಿ ದುಂಡಗಾಗಲಿಲ್ಲ, ಆದರೆ ಬೆಂದಿದ್ದವು.

ಬಾಂಧವರೇ, ಕೊಡುವ ಬುದ್ಧಿ ನಮ್ಮ ಊರುಗಳಲ್ಲಿ ಕಡಿಮೆಯಾಗಿಲ್ಲ. ಕೊಟ್ಟವರನ್ನು ನೆನೆಯುವ ಬುದ್ಧಿ ಸ್ವಲ್ಪ ಹೆಚ್ಚಬೇಕಾಗಿದೆ. ಈ ಸಭೆ ಮುಗಿಸಿ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಹಿಂದಿನ ಸಲ ನಿಮ್ಮೂರಿನಿಂದ ಹೋದ ರೊಟ್ಟಿ ಯಾರು ತಿಂದರೆಂಬುದನ್ನು ನಿಮ್ಮ ಮನೆಯಲ್ಲಿ ರೊಟ್ಟಿ ಬಡಿದವರಿಗೆ ಹೇಳಿ. ಹೇಳಲು ನಿಮಗೇ ಗೊತ್ತಿಲ್ಲದಿದ್ದರೆ ನಾಳೆಯೇ ವಿಚಾರಿಸಿ ತಿಳಿದುಕೊಂಡು ಹೇಳಿ. ಈ ಬಾರಿಯ ಹಿಟ್ಟಿನ ಮಾತು ಅದಾದ ಮೇಲೆ ಎತ್ತಿರಿ.