ಅಚ್ಚು ಒಂದು, ಮೊಳೆ ನೂರು
(ಮುದ್ರಣಾಲಯದ ಮಾಲೀಕರೊಬ್ಬರು ಯುವಕರ ಕೂಟದಲ್ಲಿ ಆಡಿದ ಮಾತು)



ನಾನು ಸೇಡಂ ತಾಲ್ಲೂಕಿನ ಆಡಕಿಯವನು. ಓದಿದ್ದು ಪಿಯುಸಿ. ಅನ್ನ ಕೊಟ್ಟಿದ್ದು ಅಚ್ಚುಕೂಟ. ಇಂಥವನು ಕಂಪ್ಯೂಟರ್ ಪಾಠ ಹೇಳಲು ನಿಂತಿದ್ದಾನಲ್ಲ ಎಂದು ನಗಬೇಡಿ!

ನಲವತ್ತು ದಾಟಿದ ಮೇಲೆ ಒಂದು ತರಬೇತಿ ಕೇಂದ್ರಕ್ಕೆ ಸೇರಿದೆ. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಎಂದು ಇಂಗ್ಲಿಷಿನಲ್ಲಿ ಬರೆಸಿದರು. ಉರು ಹೊಡೆದೆ. ಒಂದಕ್ಷರ ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಕನ್ನಡ ಮಾಧ್ಯಮದ ಹುಡುಗ ಮೂರನೆಯ ವಾರ ಬರಲೇ ಇಲ್ಲ. ಲೆಕ್ಕದಲ್ಲಿ ಅವನು ನಮಗೆಲ್ಲ ಮುಂದಿದ್ದ!

ನನಗೆ ತಿಳಿವು ಬಂದದ್ದು ಅಂಗಡಿಯಲ್ಲಿ. ಬಿಲ್ಲು ಹಾಕಲು ಪ್ರೋಗ್ರಾಂ ಬರೆದಿದ್ದೆ. ಲಗ್ನಪತ್ರಿಕೆಗೊಂದು, ಕರಪತ್ರಕ್ಕೊಂದು, ರಸೀದಿ ಪುಸ್ತಕಕ್ಕೊಂದು, ಹೀಗೆ ಒಂಬತ್ತು. ಒಂಬತ್ತರಲ್ಲೂ ಕಾಗದದ ದರ. ದರ ಏರಿತು. ಎಂಟು ಕಡೆ ತಿದ್ದಿದೆ, ಲಗ್ನಪತ್ರಿಕೆ ಮರೆತೆ. ಮದುವೆ ಸೀಸನ್ ಪೂರ್ತಿ ಹಳೆ ದರಕ್ಕೆ ಕೊಟ್ಟು ಕೈ ಸುಟ್ಟುಕೊಂಡೆ.

ಆಗ ನೆನಪಾದದ್ದು ಅಪ್ಪನ ಕಾಲದ ಅಚ್ಚುಮೊಳೆ. 'ಕ' ಅಕ್ಷರಕ್ಕೆ ಅಚ್ಚು ಒಂದೇ. ಸೀಸ ಹೊಯ್ದರೆ ಮೊಳೆ ನೂರು. ಅಚ್ಚೇ ಕ್ಲಾಸ್, ಮೊಳೆಯೇ ಆಬ್ಜೆಕ್ಟ್! ಒಂದು ವ್ಯತ್ಯಾಸವುಂಟು. ಮೊಳೆಗಳೆಲ್ಲ ಒಂದೇ ಥರ. ಆಬ್ಜೆಕ್ಟುಗಳು ಒಂದೇ ನಮೂನೆಯವಾದರೂ ಒಳಗೆ ಬೇರೆ ಬೇರೆ ವಿವರ ತುಂಬಿಕೊಳ್ಳುತ್ತವೆ.

'ಆರ್ಡರ್' ಎಂಬ ಒಂದು ಕ್ಲಾಸ್ ಬರೆದೆ. ಅದರಲ್ಲಿ ಗಿರಾಕಿಯ ಹೆಸರು, ದಿನಾಂಕ, ಪ್ರತಿಗಳ ಸಂಖ್ಯೆ. 'ಬಿಲ್ಲು ಹಾಕು' ಎಂಬುದು ಅದು ಮಾಡುವ ಕೆಲಸ, ಅಂದರೆ ಮೆಥಡ್. ದರ ಅದರೊಳಗೆ ಒಂದೇ ಕಡೆ. ಗಿರಾಕಿ ಕೌಂಟರಿನಲ್ಲಿ ದರ ಕೇಳಬಹುದು, ಒಳಗೆ ಬಂದು ತಿದ್ದುವಂತಿಲ್ಲ. ಎನ್‌ಕ್ಯಾಪ್ಸುಲೇಷನ್ ಎಂದರೆ ಇಷ್ಟೇ.

ಆರ್ಡರಿನಿಂದ ಲಗ್ನಪತ್ರಿಕೆ ಹುಟ್ಟಿತು. ಇದ್ದದ್ದೆಲ್ಲ ಬಳುವಳಿಯಾಗಿ ಬಂತು, ವಧೂವರರ ಹೆಸರನ್ನಷ್ಟೇ ಸೇರಿಸಿದೆ. ಇದು ಇನ್‌ಹೆರಿಟೆನ್ಸ್. ಹೊಸಬರು ಎಡವುವುದೂ ಇಲ್ಲೇ! ಲಗ್ನಪತ್ರಿಕೆ ಒಂದು ಆರ್ಡರ್ ಹೌದು. ಆರ್ಡರಿಗೆ ಗಿರಾಕಿ ಇದ್ದಾನೆ, ಆರ್ಡರೇ ಗಿರಾಕಿಯಲ್ಲ. 'ಹೌದು' ಎಂಬಲ್ಲಿ ಬಳುವಳಿ, 'ಇದೆ' ಎಂಬಲ್ಲಿ ಒಳಗಿಟ್ಟುಕೊಳ್ಳುವುದು.

'ಬಿಲ್ಲು ಹಾಕು' ಎಂದರೆ ಲಗ್ನಪತ್ರಿಕೆ ಲಕೋಟೆಯ ಖರ್ಚು ಸೇರಿಸುತ್ತದೆ, ಕರಪತ್ರ ಸೇರಿಸುವುದಿಲ್ಲ. ಅಪ್ಪಣೆ ಒಂದೇ, ನಡೆ ಬೇರೆ. ಅದು ಪಾಲಿಮಾರ್ಫಿಸಂ.

ಈ ವಿದ್ಯೆ ಎಲ್ಲಿ ಹುಟ್ಟಿತು ಗೊತ್ತೆ? ನಾರ್ವೆಯಲ್ಲಿ! ಡಾಲ್ ಮತ್ತು ನ್ಯೂಗಾರ್ಡ್ ಎಂಬಿಬ್ಬರು 1967ರಲ್ಲಿ ಸಿಮ್ಯುಲಾ 67 ರೂಪಿಸಿದರು. ಅದರಿಂದ ಸ್ಫೂರ್ತಿ ಪಡೆದು ಡೆನ್ಮಾರ್ಕಿನ ಸ್ಟ್ರೌಸ್ಟ್ರಪ್ 1979ರಲ್ಲಿ ಆರಂಭಿಸಿದ ಕೆಲಸವೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಈ ಮೂವರ ತಾಯ್ನುಡಿಯೂ ಇಂಗ್ಲಿಷಲ್ಲ!

2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಕ್ಲಾಸಿನ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು. 'ಲಗ್ನಪತ್ರಿಕೆ' ಎಂದೇ ಟೈಪು ಮಾಡಿ, ನಡೆಯುತ್ತದೆ. ಆಜ್ಞಾಪದಗಳು ಮಾತ್ರ ಇಂಗ್ಲಿಷಿನವೇ. ಅವನ್ನೂ ಕಲಿಯಿರಿ, ಕೆಲಸ ಕೊಡುವವರು ಅವನ್ನೇ ಕೇಳುತ್ತಾರೆ. ಆದರೆ ಮೊದಲು ತಿಳಿವು, ಆಮೇಲೆ ಹೆಸರು!

ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ತಾಲ್ಲೂಕಿನದೇ. 9ನೆಯ ಶತಮಾನದಲ್ಲಿ ಅಲ್ಲಿನ ಆಸ್ಥಾನದ 'ಕವಿರಾಜಮಾರ್ಗ' ಕಾವ್ಯದ ಲಕ್ಷಣವನ್ನು ಕನ್ನಡದಲ್ಲೇ ಹೇಳಿತು. ಇಂದು ಪ್ರೋಗ್ರಾಮಿನ ಲಕ್ಷಣ ಹೇಳಲು ಕನ್ನಡಕ್ಕೆ ಆಗದೆ?

ಗೆಳೆಯರೆ, ಇವತ್ತು ರಾತ್ರಿ ನಿಮ್ಮ ಮನೆಯ ಕಸುಬಿನ ಮೇಲೆ ಒಂದು ಕ್ಲಾಸ್ ಬರೆಯಿರಿ. ನಾಳೆ ಅದನ್ನು ಒಬ್ಬರಿಗೆ ಕನ್ನಡದಲ್ಲಿ ವಿವರಿಸಿ. ಇನ್ನೊಬ್ಬ ಹುಡುಗ ಮೂರನೆಯ ವಾರಕ್ಕೆ ಎದ್ದು ಹೋಗಬಾರದು.